ಬೈಠಕ್ಕೋ, ಬಾರ್‌ಬೆಲ್ಲೋ? ಕುಂಡಿಗೆ ಬೇಕಾದ್ದು ಭಾರ!

ಜಿಮ್‌ನವರು ಗ್ಲೂಟ್ಸ್ ಅಂತಾರೆ, ಪುಸ್ತಕದಲ್ಲಿ ನಿತಂಬ, ನಮ್ಮ ಬೈಲಹೊಂಗಲದ ಕಡೆ ಸೀದಾ ಕುಂಡಿ. ಹೆಸರು ಹೇಳೋಕೆ ನಾಚಿದರೂ ದೇಹದ ಅತಿ ದೊಡ್ಡ ಸ್ನಾಯು ಇರೋದು ಅಲ್ಲೇ. ಕುಂತಲ್ಲಿಂದ ಏಳೋಕೆ, ಮೆಟ್ಟಿಲು ಹತ್ತೋಕೆ, ನೆಲದ ಮೇಲಿನ ಕೊಡ ಎತ್ತೋಕೆ ಅದೇ ಬೇಕು. ದಿನಕ್ಕೆ ಒಂಬತ್ತು ತಾಸು ಲ್ಯಾಪ್‌ಟಾಪ್ ಮುಂದೆ ಕೂರುವ ನನ್ನಂಥವರು ಮಾತ್ರ ಅದನ್ನು ಬರೀ ದಿಂಬಿನ ಹಾಗೆ ಬಳಸ್ತೀವಿ.

ಇದನ್ನು ಬೆಳೆಸೋಕೆ ಮನೆಯ ಬೈಠಕ್ ಸಾಕೋ, ಜಿಮ್‌ಗೆ ಹೋಗಿ ಭಾರ ಎತ್ತಲೇಬೇಕೋ ಅನ್ನೋದು ಆಫೀಸಿನ ಚಹಾ ಹೊತ್ತಿನ ಖಾಯಂ ಜಗಳ. ಬೆಂಗಳೂರಿನಲ್ಲಿದ್ದಾಗ ಟ್ರೇನರ್ ಒಬ್ಬರು "ಭಾರ ಎತ್ತದೆ ಒಂದಿಂಚೂ ಬೆಳೆಯಲ್ಲ" ಅಂದು ವರ್ಷದ ಪ್ಯಾಕೇಜಿನ ಹಾಳೆ ಮುಂದಿಟ್ಟಿದ್ದರು. ವರ್ಕ್ ಫ್ರಮ್ ಹೋಮ್ ಸಿಕ್ಕು ಊರಿಗೆ ಬಂದ ಮೇಲೆ ನನಗೆ ಉತ್ತರ ಸಿಕ್ಕಿದ್ದು ಅವ್ವನಿಂದ.

ಅವ್ವನಿಗೆ ಅರವತ್ತೆರಡು. ರೊಟ್ಟಿ ಬಡಿದು ನೆಲದಿಂದ ಏಳುವಾಗ ಗೋಡೆ ಹಿಡಿಯೋದು ಶುರುವಾಗಿತ್ತು. "ಕಾಲಾಗ ಶಕ್ತೀನ ಇಲ್ಲಪಾ" ಅಂತಿದ್ದಳು. ಫಿಜಿಯೋಥೆರಪಿಸ್ಟ್ ಹೇಳಿದ್ದು ಒಂದೇ: ಕೈ ಊರದೆ ಕುರ್ಚಿಯಿಂದ ಎದ್ದು ಕೂರ್ರಿ. ಎಂಟನೇ ಸಲಕ್ಕೆ ಅವ್ವನ ತೊಡೆ ನಡುಗಿತು. ನಾನು ಪಕ್ಕದಲ್ಲಿ ಮಾತಾಡ್ತಾನೇ ನಲವತ್ತು ಮಾಡಿದೆ, ಏನೂ ಅನಿಸಲಿಲ್ಲ. ಅದೇ ಕುರ್ಚಿ, ಅದೇ ವ್ಯಾಯಾಮ. ಅವ್ವನಿಗೆ ವೇಟ್ ಟ್ರೇನಿಂಗ್, ನನಗೆ ಟೈಮ್‌ಪಾಸ್. ಎರಡು ತಿಂಗಳಾದ ಮೇಲೆ ಅವ್ವ ಹದಿನೈದು ಮಾಡ್ತಾಳೆ, ಎದೆಗೆ ಎರಡು ಕೆಜಿ ಸಕ್ಕರೆ ಪಾಕೀಟು ಹಿಡಿದು.

ವಿಷಯ ಇಷ್ಟೇ ನೋಡ್ರಿ. ಕಬ್ಬಿಣ ಯಾವುದು, ಮೈತೂಕ ಯಾವುದು ಅಂತ ಸ್ನಾಯುವಿಗೆ ಗೊತ್ತಾಗಲ್ಲ. ಕೊನೆಯ ಎರಡು-ಮೂರು ಸಲ ಎಷ್ಟು ತ್ರಾಸಾಯ್ತು ಅನ್ನೋದು ಗೊತ್ತಾಗುತ್ತೆ. ಭಾರ ಹಗುರವಿದ್ದರೂ ಇನ್ನು ಆಗಲ್ಲ ಅನ್ನುವ ಹಂತದ ಹತ್ತಿರ ಹೋದರೆ ಗಾತ್ರ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಬಲ ಹೆಚ್ಚಬೇಕಂದ್ರೆ ಮಾತ್ರ ದೊಡ್ಡ ಭಾರವೇ ಮೇಲು. ಎಷ್ಟು ಆಳಕ್ಕೆ ಇಳೀತೀರಿ ಅನ್ನೋದೂ ಮುಖ್ಯ. 2019ರಲ್ಲಿ ಜಪಾನಿನ ಕುಬೊ ಮತ್ತು ಸಂಗಡಿಗರು 10 ವಾರ ಬಾರ್‌ಬೆಲ್ ಸ್ಕ್ವಾಟ್ ಮಾಡಿಸಿ ಅಳೆದರು: ಪೂರ್ತಿ ಇಳಿದವರ ಗ್ಲೂಟ್ಸ್ ಸರಾಸರಿ ಶೇ. 6.7 ಬೆಳೆದಿತ್ತು, ಅರ್ಧಕ್ಕೇ ನಿಂತವರದು ಶೇ. 2.2. ಕನ್ನಡಿ ಮುಂದೆ ಅರ್ಧ ಬಗ್ಗಿ ನೂರು ಎಣಿಸುವ ಗೆಳೆಯರಿಗೆ ಇದನ್ನು ಫಾರ್ವರ್ಡ್ ಮಾಡ್ರಿ.

ನಮ್ಮ ಗರಡಿ ಮನೆಗಳಲ್ಲಿ ಈ ಜಗಳವೇ ಇರಲಿಲ್ಲ. ಪೈಲ್ವಾನರು ನೂರಾರು ಬೈಠಕ್ ಹೊಡೀತಿದ್ರು, ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಕಾಳಿನ ಚೀಲಾನೂ ಎತ್ತುತ್ತಿದ್ರು. ಇವತ್ತಿಗೂ ಜಾತ್ರೆಗಳಲ್ಲಿ ಕಲ್ಲೆತ್ತುವ ಸ್ಪರ್ಧೆ ನಡೆಯುತ್ತೆ. ನಮ್ಮ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಪ್ರತಿಮೆಯ ಎಡಬಲಕ್ಕೆ ಕಸರತ್ತಿನ ಎರಡು ಮರದ ಭಾರಗಳಿವೆ. ಒಂದು ರಾಯಣ್ಣನೇ ಬಳಸಿದ್ದು ಅಂತಾರೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನಿಗೂ ಬರೀ ಮೈತೂಕ ಸಾಲಲಿಲ್ಲ ಅಂತಾಯ್ತು!

ಇದರಲ್ಲಿ ಒಂದು ಲೆಕ್ಕವೂ ಐತಿ. ಗರಡಿಯ ಬೈಠಕ್‌ನಲ್ಲಿ ಹಿಮ್ಮಡಿ ಎದ್ದು ಮೊಣಕಾಲು ಮುಂದೆ ಬರುತ್ತೆ, ಹಾಗಾಗಿ ತೊಡೆಯ ಮುಂಭಾಗಕ್ಕೆ ಹೆಚ್ಚು ಕೆಲಸ. ನೆಲದಿಂದ ಕಲ್ಲು ಎತ್ತುವಾಗ ಸೊಂಟದಲ್ಲಿ ಬಾಗಿ ಮತ್ತೆ ನೆಟ್ಟಗಾಗಬೇಕು. ಅದು ಕುಂಡಿಯ ಖಾಸಾ ಕೆಲಸ. ಜಿಮ್ಮಿನ ಡೆಡ್‌ಲಿಫ್ಟ್ ಮಾಡಿಸೋದೂ ಅದನ್ನೇ.

ಸಾದಾ ಸ್ಕ್ವಾಟ್ ಮೂವತ್ತು ಸಲೀಸಾಗಿ ಆದ ಮೇಲೆ ಬರೀ ಎಣಿಕೆ ಏರಿಸಿದರೆ ದಮ್ಮು ಹೆಚ್ಚುತ್ತೆ, ಗಾತ್ರ ಅಷ್ಟಾಗಿ ಹೆಚ್ಚಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ ಹತ್ತೋದೂ ಹಾಗೇ. ಆಗ ಒಂಟಿ ಕಾಲಿಗೆ ಬರ್ರಿ: ಹಿಂದಿನ ಪಾದ ಮಂಚದ ಮೇಲಿಟ್ಟು ಮುಂದಿನ ಕಾಲಲ್ಲಿ ಇಳಿದು ಏಳೋದು, ಅಂಗಾತ ಮಲಗಿ ಒಂದೇ ಕಾಲೂರಿ ಸೊಂಟ ಎತ್ತೋದು. ನನಗೆ ಇದು ನಾಲ್ಕು ತಿಂಗಳು ಸಾಕಾಯ್ತು. ಆಮೇಲೆ ಬೆನ್ನಿನ ಬ್ಯಾಗಿಗೆ 10 ಕೆಜಿ ಜೋಳ ತುಂಬಿದೆ. "ಗಿರಣಿಗೆ ಹೊಂಟಿಯೇನೋ?" ಅಂತ ಅವ್ವ ನಕ್ಕಳು. 20 ಕೆಜಿಗೆ ಬ್ಯಾಗಿನ ಪಟ್ಟಿ ಹರೀತು, ಜಿಮ್ ಸೇರಿದೆ.

ಜಿಮ್ಮಿನ ದೊಡ್ಡ ಅನುಕೂಲ ಅಂದ್ರೆ ಎರಡೂವರೆ ಕೆಜಿ ಪ್ಲೇಟ್ ಸೇರಿಸಿದರೆ ಮುಗೀತು, ಹೊಸ ಸರ್ಕಸ್ ಹುಡುಕಬೇಕಿಲ್ಲ. ಆ ಅನುಕೂಲಕ್ಕೆ ದುಡ್ಡು ಕೊಡಬಹುದು. ಆದರೆ ಮೊದಲ ದಿನದಿಂದಲೇ ಬೇಕು ಅನ್ನೋದನ್ನ ನಾನಂತೂ ಒಪ್ಪಲ್ಲ. ಅಲ್ಲಿ ಸ್ಕ್ವಾಟ್ ಮೇಲೋ ಹಿಪ್ ಥ್ರಸ್ಟ್ ಮೇಲೋ ಅಂತಲೂ ತಲೆ ಕೆಡಿಸಿಕೊಳ್ಳಬೇಡ್ರಿ. 2023ರಲ್ಲಿ ಹೊಸಬರ ಮೇಲೆ ನಡೆದ 9 ವಾರದ ಅಧ್ಯಯನದಲ್ಲಿ ಎರಡರಿಂದಲೂ ಗ್ಲೂಟ್ಸ್ ಒಂದೇ ಥರ ಬೆಳೆದಿದ್ದವು. ವಾರಕ್ಕೆ ಎರಡು ದಿನ, ಮೂರ್ನಾಲ್ಕು ಸೆಟ್ ಸಾಕು. ಮೊಣಕಾಲು ಚುಚ್ಚಿದರೆ, ನೋವು ಕಾಲಿಗೆ ಇಳಿದರೆ ನಿಲ್ಲಿಸಿ ತೋರಿಸಿಕೊಳ್ರಿ.

ಇನ್ನು ಊಟ. 60 ಕೆಜಿ ತೂಕದವರಿಗೆ ಐಸಿಎಂಆರ್ ಹೇಳುವ ಪ್ರೋಟೀನ್ ದಿನಕ್ಕೆ ಸುಮಾರು 50 ಗ್ರಾಂ. ಸ್ನಾಯು ಬೆಳೆಸುವವರಿಗೆ 90ರ ಆಸುಪಾಸು ಒಳ್ಳೇದು. ಒಂದು ತತ್ತಿಯಲ್ಲಿ ಇರೋದು 6 ಗ್ರಾಂ. ರೊಟ್ಟಿ ಜೊತೆ ಚಮಚ ಶೇಂಗಾ ಹಿಂಡಿ ಹಚ್ಚಿಕೊಂಡು ಪ್ರೋಟೀನ್ ಆಯ್ತು ಅಂದ್ರೆ ಲೆಕ್ಕ ತುಂಬಲ್ಲ. ಮಡಕಿಕಾಳಿನ ಪಲ್ಯ ಎರಡು ಸಲ ಹಾಕಿಸ್ಕೊಳ್ರಿ, ಗಟ್ಟಿ ಮೊಸರೂ ಇರಲಿ.