ಸಣ್ಣ ವಿಮಾನದಲ್ಲಿ ತಪಾಸಣೆಯೇ ಇಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಸಣ್ಣ ವಿಮಾನಗಳಲ್ಲಿ ಪ್ರಯಾಣಿಕರನ್ನು ಚೆಕ್ ಮಾಡುವುದಿಲ್ಲ. ಕಾಕ್‌ಪಿಟ್‌ಗೆ ಬಾಗಿಲೂ ಇಲ್ಲ. ಯಾರು ಬೇಕಾದರೂ ಪೈಲಟ್‌ಗೆ ಚಾಕು ತೋರಿಸಬಹುದು. ಎಲ್ಲರಿಗೂ ಶೇರ್ ಮಾಡಿ.”

ಈ ವಾಟ್ಸ್‌ಆ್ಯಪ್ ಸಂದೇಶವನ್ನು ಓದುಗರೊಬ್ಬರು ನಮಗೆ ಕಳುಹಿಸಿದ್ದರು. ಹೃದಯದ ಚಿಕಿತ್ಸೆಗೆ ತಂದೆಯನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಟಿಆರ್ ವಿಮಾನದಲ್ಲಿ ಕರೆದೊಯ್ಯಬೇಕು, ಟಿಕೆಟ್ ಕ್ಯಾನ್ಸಲ್ ಮಾಡಲೇ ಎಂಬುದು ಅವರ ಪ್ರಶ್ನೆ. ಕ್ಯಾನ್ಸಲ್ ಮಾಡಬೇಕಿಲ್ಲ. ಆದರೆ ಸಂದೇಶ ಪೂರ್ತಿ ಸುಳ್ಳೂ ಅಲ್ಲ. ಅದು ಬೇರೆ ದೇಶಗಳ ಕಥೆ.

2008ರ ಫೆಬ್ರವರಿ 8ರಂದು ನ್ಯೂಜಿಲೆಂಡ್‌ನ ಬ್ಲೆನ್‌ಹೈಮ್‌ನಿಂದ ಕ್ರೈಸ್ಟ್‌ಚರ್ಚ್‌ಗೆ ಹೊರಟಿದ್ದ 19 ಸೀಟಿನ ಜೆಟ್‌ಸ್ಟ್ರೀಮ್ ವಿಮಾನದಲ್ಲಿ ಮಹಿಳೆಯೊಬ್ಬಳು ಇಬ್ಬರೂ ಪೈಲಟ್‌ಗಳಿಗೆ ಚಾಕುವಿನಿಂದ ಇರಿದಳು. ಆಸ್ಟ್ರೇಲಿಯಾಕ್ಕೆ ಹೋಗಬೇಕು ಎಂಬುದು ಅವಳ ಬೇಡಿಕೆ. ಗಾಯಗೊಂಡೇ ಪೈಲಟ್‌ಗಳು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಚಾಕು ಒಳಗೆ ಬಂದದ್ದು ಹೇಗೆ? ಅಲ್ಲಿ ಆಗ 90ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ಪ್ರಯಾಣಿಕರ ತಪಾಸಣೆಯೇ ಇರಲಿಲ್ಲ!

2025ರ ಏಪ್ರಿಲ್ 17ರಂದು ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಇಂಥದ್ದೇ ನಡೆಯಿತು. ಸಣ್ಣ ಸೆಸ್ನಾ ವಿಮಾನದಲ್ಲಿ ಒಬ್ಬಾತ ಚಾಕು ಹಿಡಿದು ಕೆಲವರನ್ನು ಇರಿದ. ಕೊನೆಗೆ ಇನ್ನೊಬ್ಬ ಪ್ರಯಾಣಿಕರೇ ತಮ್ಮ ಬಂದೂಕಿನಿಂದ ಅವನನ್ನು ಹೊಡೆದುರುಳಿಸಿದರು. ಚಾಕುವೂ ಒಳಗಿತ್ತು, ಬಂದೂಕೂ ಒಳಗಿತ್ತು. ತಪಾಸಣೆ ಹೇಗಿತ್ತು ಎಂದು ನಾವು ಬೇರೆ ಹೇಳಬೇಕೇ?

ಸಣ್ಣ ವಿಮಾನಕ್ಕೆ ಈ ಸಡಿಲ ಯಾಕೆ? 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ನಿಯಮಗಳಿಗೆ ಇದ್ದ ದೊಡ್ಡ ಭಯ, ವಿಮಾನವನ್ನೇ ಆಯುಧ ಮಾಡಿಕೊಂಡಾರು ಎಂಬುದು. ಹಾಗಾಗಿ ಗುಂಡು ನಿರೋಧಕ ಕಾಕ್‌ಪಿಟ್ ಬಾಗಿಲನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕಡ್ಡಾಯ ಮಾಡಿದ್ದು 60ಕ್ಕಿಂತ ಹೆಚ್ಚು ಸೀಟಿನ ಅಥವಾ 45,500 ಕೆ.ಜಿ.ಗಿಂತ ಹೆಚ್ಚು ತೂಕದ ಪ್ರಯಾಣಿಕ ವಿಮಾನಗಳಿಗೆ. ಚಿಕ್ಕ ವಿಮಾನದಿಂದ ನೆಲದ ಮೇಲಿನವರಿಗೆ ಅಪಾಯ ಕಡಿಮೆ, ನಿಜ. ಒಳಗೆ ಕುಳಿತವರ ಜೀವವೇನು ಅಗ್ಗವೇ ಎಂಬ ಪ್ರಶ್ನೆ ಉಳಿದೇ ಇದೆ.

ಇನ್ನು ನಮ್ಮಲ್ಲಿ. ಭಾರತದಲ್ಲಿ ನಿಗದಿತ ವೇಳಾಪಟ್ಟಿಯ ವಿಮಾನ ಹತ್ತುವವರಿಗೆ ಸೀಟುಗಳ ಲೆಕ್ಕ ನೋಡಿ ವಿನಾಯಿತಿ ಇಲ್ಲ. ಹುಬ್ಬಳ್ಳಿಯಾಗಲಿ ದೆಹಲಿಯಾಗಲಿ, ಕೈಚೀಲಕ್ಕೆ ಎಕ್ಸ್‌-ರೇ, ನಮಗೆ ಲೋಹ ಶೋಧಕ, ಮೈದಡವಿ ತಪಾಸಣೆ ಇದ್ದೇ ಇರುತ್ತದೆ. ಎಟಿಆರ್-72ರಲ್ಲಿ 70ಕ್ಕೂ ಹೆಚ್ಚು ಸೀಟು, ಕಾಕ್‌ಪಿಟ್‌ಗೆ ಬೀಗದ ಬಾಗಿಲು. ಪ್ರಯಾಣಿಕರು ಹತ್ತುವುದು ಹಿಂದಿನ ಬಾಗಿಲಿನಿಂದ. ಅವರಿಗೂ ಪೈಲಟ್‌ಗೂ ನಡುವೆ ಲಗೇಜ್ ಕೋಣೆಯೂ ಇದೆ.

ಇಲ್ಲಿ ಹೆಚ್ಚಾಗಿ ಕಾಣುವುದು ಅಪಹರಣಕಾರರಲ್ಲ, ಸಿಬ್ಬಂದಿಯ ಮೇಲೆ ಕೂಗಾಡುವವರು, ಕೈ ಎತ್ತುವವರು. ಇಂಥವರಿಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ಹಾರಾಟ ನಿಷೇಧದ ನಿಯಮ ತಂದಿತು: ಬೈಗುಳಕ್ಕೆ 3 ತಿಂಗಳವರೆಗೆ, ಹೊಡೆದಾಟಕ್ಕೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಅಥವಾ ಕಾಕ್‌ಪಿಟ್‌ಗೆ ನುಗ್ಗಲು ಯತ್ನಿಸಿದರೆ ಕನಿಷ್ಠ 2 ವರ್ಷ. ಪೊಲೀಸ್ ಕೇಸು ಬೇರೆ.

ಓದುಗರಿಗೆ ಇಷ್ಟನ್ನೇ ಬರೆದು ಕಳುಹಿಸಿದೆವು. ತಂದೆಯವರ ಮಾತ್ರೆಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕದೆ ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ ಎಂದೂ ಸೇರಿಸಿದೆವು.