ಮೆನು ಕಾರ್ಡ್ ಫ್ರೆಂಚ್‌ನಲ್ಲಿದ್ದರೆ...

ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಖುಷಿಗೆ ನಮ್ಮನ್ನೆಲ್ಲ ಫ್ರೆಂಚ್ ಹೋಟೆಲಿಗೆ ಕರೆದುಕೊಂಡು ಹೋದಳು. ಮಂಡ್ಯದಿಂದ ನಾನು, ಮಳವಳ್ಳಿಯಿಂದ ಅಕ್ಕ, ಜೊತೆಗೆ ಮದ್ದೂರಿನ ನಮ್ಮ ಸೋದರತ್ತೆ. ಅತ್ತೆ ಹತ್ತು ವರ್ಷದ ಹಿಂದೆ ಹರಕೆ ಹೊತ್ತು ಮಾಂಸ, ಮೊಟ್ಟೆ ಬಿಟ್ಟವರು.

"ಇಂಗ್ಲಿಷ್ ಅಕ್ಷರಾನೇ, ಓದಕ್ಕೇ ಆಗಲ್ವಲ್ಲೇ" ಅಂದಳು ಅಕ್ಕ. ಅರ್ಥವಾಗಿದ್ದು ಆನಿಯನ್ ಸೂಪ್ ಒಂದೇ. ಈರುಳ್ಳಿ ಸಾರು ತಾನೆ ಅಂತ ಅತ್ತೆಗೆ ಅದನ್ನೇ ಹೇಳಿದೆವು. ಬಟ್ಟಲು ಮುಂದೆ ಬಂದಾಗ ಯಾಕೋ ಅನುಮಾನವಾಗಿ ಕೇಳಿದರೆ, ಮೂಳೆ ಬೇಯಿಸಿದ ರಸದಲ್ಲಿ ಮಾಡಿದ್ದಂತೆ! ಅತ್ತೆ ಚಮಚ ಕೆಳಗಿಟ್ಟರು. ಹುಡುಗಿಯ ಮುಖ ನೋಡಲಾಗಲಿಲ್ಲ.

ಫ್ರಾನ್ಸಿನಲ್ಲಿ ಈ ಸೂಪನ್ನು ಸಾಮಾನ್ಯವಾಗಿ ದನದ ಮೂಳೆಯ ರಸದಲ್ಲೇ ಮಾಡುತ್ತಾರಂತೆ. ಮನೆಗೆ ಬಂದವಳೇ ಉಳಿದ ಹೆಸರುಗಳನ್ನೂ ಹುಡುಕಿ ಬರೆದಿಟ್ಟುಕೊಂಡೆ. ಅಷ್ಟಕ್ಕೂ ಫ್ರೆಂಚರು ನಮ್ಮ ಜಿಲ್ಲೆಗೆ ಹೊಸಬರೇ? ಅವರ ಸೈನಿಕರು ಬೀಡುಬಿಟ್ಟಿದ್ದಕ್ಕೇ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು.

'ರಾಟಟೂಯಿ' ಅಂದರೆ ಬದನೆ, ದಪ್ಪ ಮೆಣಸಿನಕಾಯಿ, ಟೊಮೆಟೊ, ಸೌತೆಯಂತೆ ಕಾಣುವ ಜುಕಿನಿ ಎಲ್ಲ ಆಲಿವ್ ಎಣ್ಣೆಯಲ್ಲಿ ಬೆಂದ ಪಲ್ಯ. ಖಾರ ಇರೋಲ್ಲ ಅಷ್ಟೆ. 'ಗ್ರಾಟಿನ್ ಡಾಫಿನ್ವಾ' ಕೆನೆಯಲ್ಲಿ ಬೆಂದ ಆಲೂಗಡ್ಡೆ ಬಿಲ್ಲೆಗಳು. 'ಕೀಶ್' ಹೆಸರಿನ ಮುಂದೆ ಪಾಲಕ್ ಅಂತಿದ್ದರೂ ಮೋಸಹೋಗಬೇಡಿ, ಒಳಗಿರುವುದು ಮೊಟ್ಟೆ. ತೆಳು ದೋಸೆಯಂಥ 'ಕ್ರೆಪ್', ಸಿಹಿಯಲ್ಲಿ 'ಮೂಸ್', 'ಕ್ರೆಮ್ ಬ್ರೂಲೆ' ಇವುಗಳಲ್ಲೂ ಸಾಮಾನ್ಯವಾಗಿ ಮೊಟ್ಟೆಯುಂಟು. ಹಣ್ಣಿನ ರಸ, ಸಕ್ಕರೆಯ 'ಸಾರ್ಬೆ' ಸಾಮಾನ್ಯವಾಗಿ ನಿರಾಳ.

ಮಾಂಸ ತಿನ್ನುವವರೂ ನೋಡಿಕೊಳ್ಳಬೇಕು. 'ಪೂಲೆ' ಕೋಳಿ, 'ಪ್ವಾಸಾಂ' ಮೀನು, 'ಅನ್ಯೋ' ಕುರಿಮರಿ, 'ಬೂಫ್' ದನ, 'ಪೋರ್' ಹಂದಿ. 'ಕಾಕ್ ಓ ವ್ಯಾನ್' ನಮ್ಮ ನಾಟಿ ಹುಂಜದ ಸಾರಿನ ದೂರದ ನೆಂಟ: ಬಲಿತ ಹುಂಜವನ್ನು ಕೆಂಪು ವೈನ್‌ನಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಹಂದಿಮಾಂಸದ ತುಣುಕೂ ಬೀಳುತ್ತದೆ. 'ಎಸ್ಕಾರ್ಗೋ' ಬಸವನಹುಳು, 'ಟಾರ್ಟಾರ್' ಹಸಿ ಮಾಂಸ. ನನಗಂತೂ ಎರಡೂ ಬೇಡಪ್ಪ!

ಹೆಸರು ನೆನಪಾಗದಿದ್ದರೆ ವೇಟರನ್ನು ನೇರವಾಗಿ ಕೇಳಿ: ಸೂಪಿನ ರಸ ಯಾವುದರದ್ದು? ಮೊಟ್ಟೆ ಇದೆಯಾ? ವೈನ್ ಹಾಕಿದ್ದೀರಾ? ಕೇಳಿದರೆ ನಗುತ್ತಾರೇನೋ ಅನ್ನುವ ಅಳುಕಿಗೆ ಅತ್ತೆಯ ಹರಕೆಯನ್ನೇ ಮುರಿಸುತ್ತಿದ್ದೆವಲ್ಲ!

ಎರಡನೇ ಸಲ ಅತ್ತೆ ತಾವೇ ಎಲ್ಲ ವಿಚಾರಿಸಿ ರಾಟಟೂಯಿ ತರಿಸಿದರು. ಪೂರ್ತಿ ತಿಂದು, ಬಿಲ್ ನೋಡಿ ಅಂದರು, "ಬದ್ನೆಕಾಯ್ ಪಲ್ಯಕ್ಕೆ ಇಷ್ಟೊಂದ್ ದುಡ್ಡಾ ಮಗಾ?"