ನಿಮಗಿದು ಗೊತ್ತೆ? – 217ನೇ ಕೋಣೆಯ ಹೋಟೆಲು
ಅಮೆರಿಕದ ಕೊಲರಾಡೊ ರಾಜ್ಯದ ಎಸ್ಟೆಸ್ ಪಾರ್ಕ್ ಎಂಬ ಪುಟ್ಟ ಬೆಟ್ಟದೂರಿಗೆ 1903ರಲ್ಲಿ ಫ್ರೀಲನ್ ಸ್ಟ್ಯಾನ್ಲಿ ಬಂದದ್ದು ಕ್ಷಯ ವಾಸಿಯಾದೀತೆಂಬ ಆಸೆಯಿಂದ. ಉಗಿಯಿಂದ ಓಡುವ ಕಾರು ತಯಾರಿಸಿ ಹೆಸರಾದ ಅವಳಿ ಸೋದರರಲ್ಲಿ ಈತ ಒಬ್ಬ. ಬೆಟ್ಟದ ಗಾಳಿ ಹಿಡಿಸಿತು, ಮೈ ಚೇತರಿಸಿತು. 1909ರಲ್ಲಿ ಅಲ್ಲೇ ದೊಡ್ಡ ಹೋಟೆಲು ತೆರೆದ. ಕರೆಂಟಿಗೆಂದು ಫಾಲ್ ನದಿಯ ಮೇಲೆ ಜಲವಿದ್ಯುತ್ ಘಟಕವನ್ನೂ ಕಟ್ಟಿಸಿದ. ಇಷ್ಟೆಲ್ಲ ಮಾಡಿದವನು ಚಳಿಗಾಲದಲ್ಲಿ ಕಟ್ಟಡ ಬೆಚ್ಚಗಿಡುವ ಏರ್ಪಾಡು ಮಾತ್ರ ಮಾಡಲಿಲ್ಲ! ಹಾಗಾಗಿ ಆಗೆಲ್ಲ ಚಳಿ ಬಿತ್ತೆಂದರೆ ಬಾಗಿಲು ಬಂದ್ ಆಗುತ್ತಿತ್ತು.

1974ರಲ್ಲಿ, ಇನ್ನೇನು ಬಾಗಿಲು ಹಾಕಬೇಕೆನ್ನುವಾಗ ಬಂದು 217ನೇ ಕೋಣೆಯಲ್ಲಿ ತಂಗಿದವರು ಕಾದಂಬರಿಕಾರ ಸ್ಟೀಫನ್ ಕಿಂಗ್ ದಂಪತಿ. ಆ ಖಾಲಿ ಕಾರಿಡಾರುಗಳಿಂದ ಹುಟ್ಟಿದ್ದು 1977ರ ‘ದಿ ಶೈನಿಂಗ್’. ಈ ಕಾದಂಬರಿ ಆಧರಿಸಿದ, ನಿರ್ದೇಶಕ ಕುಬ್ರಿಕ್‌ನ 1980ರ ಸಿನಿಮಾದಲ್ಲಿ ಈ ಕಟ್ಟಡ ಹುಡುಕಬೇಡಿ. ಹೊರನೋಟಕ್ಕೆ ಅಲ್ಲಿ ಕಾಣುವುದು ಆರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್.